ಹಸಿರು ಅಕ್ಷರದ ಹೆಸರುಗಳು

ಬೆಹಾಲಾದ ಆ ಓಣಿಯಲ್ಲಿ ಪ್ರಭಾವತಿಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಇಡ್ಲಿ ಬೌದಿ. ಬೌದಿ ಎಂದರೆ ಅತ್ತಿಗೆ. ಅಕ್ಕಪಕ್ಕದ ಹೆಂಗಸರನ್ನೆಲ್ಲ ಬಂಗಾಳಿಗಳು ಅತ್ತಿಗೆ ಮಾಡಿಕೊಂಡುಬಿಡುತ್ತಾರೆ, ಅದಕ್ಕೆ ಅಣ್ಣನ ಅಪ್ಪಣೆಯೇನೂ ಬೇಕಿಲ್ಲ. ಮದುವೆಯಾಗಿ ಉಡುಪಿ ಕಡೆಯಿಂದ ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಬಂದ ಹೊಸತರಲ್ಲಿ ಬಾಯಿಗೆ ಭಾಷೆಯೂ ಇಲ್ಲ, ಕೈಗೆ ಕೆಲಸವೂ ಇಲ್ಲ. ಕೈಗೆ ಕೆಲಸ ಸಿಕ್ಕಿದ ಮೇಲೆ ಭಾಷೆ ತಾನಾಗಿ ಬಂತು. ಬೆಳಿಗ್ಗೆ ಇಡ್ಲಿ, ಸಾಂಬಾರು, ಮೊಸರನ್ನ ಮಾಡಿ ಕ್ಯಾರಿಯರುಗಳಿಗೆ ತುಂಬಿ, ಮಿನಿಬಸ್ಸಿನ ಕಂಡಕ್ಟರನನ್ನು ಗದರಿಸಿ ಜಾಗ ಮಾಡಿಸಿಕೊಂಡು, ಬಿಬಿಡಿ ಬಾಗಿನ ಆಫೀಸುಗಳಿಗೆ ಮುಟ್ಟಿಸಿ ಬರುವಳು. ಬ್ಯಾಂಕು, ರೈಲ್ವೆ, ಸರಕಾರಿ ಕಂಪನಿಗಳಲ್ಲಿದ್ದ ದಕ್ಷಿಣದವರ ಮಧ್ಯಾಹ್ನದ ಹೊಟ್ಟೆ ಅವಳ ಕೈಯಲ್ಲಿತ್ತು. ದನಿ ದೊಡ್ಡದು, ನಗು ಇನ್ನೂ ದೊಡ್ಡದು. ಅವಳು ಅಡುಗೆಮನೆಯಲ್ಲಿ ನಕ್ಕರೆ ಹಿತ್ತಿಲಾಚೆಯ ಕೊಳದ ಬಾತುಕೋಳಿಗಳು ದಡ ಹತ್ತುತ್ತವೆ ಎಂದು ಗಂಡ ಜಯಕರ ತಮಾಷೆ ಮಾಡುತ್ತಿದ್ದ.

ಜಯಕರ ಅವಳಿಗೆ ತದ್ವಿರುದ್ಧ. ಸರಕಾರಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಗುಮಾಸ್ತ, ಮೆತ್ತಗೆ ಮಾತಾಡುವ ಮನುಷ್ಯ. ಊಟಕ್ಕೆ ಕುಳಿತರೆ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ ಬಟ್ಟಲಿನ ಅಂಚಿಗೆ ಸಾಲಾಗಿ ಜೋಡಿಸುವಷ್ಟು ಸಾವಧಾನ. ಆ ದಿನಗಳಲ್ಲಿ ಇಡೀ ಕೋಲ್ಕತ್ತಾಕ್ಕೆ ಕಂಪ್ಯೂಟರಿನ ಹುಚ್ಚು ಹತ್ತಿತ್ತು. ಸಾಲ್ಟ್ ಲೇಕಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು, ಹೂವು ಮಾರುವವನ ಮಗನೂ ಮೌಸ್ ಹಿಡಿಯುವವನೇ. ಜಯಕರನೂ ಅಲ್ಲಿಯ ಚಾಂದನಿ ಚೌಕದಿಂದ ಬಿಡಿ ಭಾಗಗಳನ್ನು ತಂದು ಜೋಡಿಸಿದ ಒಂದು ಯಂತ್ರವನ್ನು ಒಳಕೋಣೆಯಲ್ಲಿ ಪ್ರತಿಷ್ಠಾಪನೆ ಮಾಡಿದ. ತನಗೊಂದು, ಹೆಂಡತಿಗೊಂದು, ಮಗಳು ಮಾನ್ಯಳಿಗೊಂದು ಎಂದು ಮೂರು ಖಾತೆ ಮಾಡಿದ. ಯಂತ್ರ ಹಾಕಿದರೆ ಮೂವರ ಹೆಸರೂ ಪರದೆಯ ಮೇಲೆ ಬರುತ್ತಿದ್ದವು. ಅವರವರ ಹೆಸರು ಒತ್ತಿ ಅವರವರು ಒಳಗೆ ಹೋಗಬೇಕು. ಪ್ರಭಾವತಿ ಗೊಣಗುತ್ತಲೇ ಕಲಿತು, ವಾರದ ಅಡುಗೆ ಪಟ್ಟಿಯನ್ನು ಅದರಲ್ಲೇ ಟೈಪ್ ಮಾಡತೊಡಗಿದಳು.

ಮಾನ್ಯ ಕೋಲ್ಕತ್ತಾದಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಒಮ್ಮೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅಪ್ಪ ಬರೆದುಕೊಟ್ಟ ನಾಲ್ಕು ಮಾತು ಹೇಳಲು ವೇದಿಕೆ ಹತ್ತಿದ ಹುಡುಗಿ, ಎರಡನೆಯ ಮಾತಿಗೇ ತಡವರಿಸಿ, ಅಜ್ಜಿಯನ್ನು ‘ಬರ್ತಾನೆ’ ಮಾಡಿ, ನಡುವೆ ಬಂಗಾಳಿ ಸೇರಿಸಿ ನಿಂತುಬಿಟ್ಟಳು. ಸಭೆಯಲ್ಲಿ ಎಲ್ಲರೂ ಸಣ್ಣಗೆ ನಕ್ಕರು. ಪ್ರಭಾವತಿ ಮಾತ್ರ ಬಾತುಕೋಳಿ ಬೆಚ್ಚುವ ಹಾಗೆ ನಕ್ಕಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ವೇದಿಕೆಯ ಮೇಲಿದ್ದ ಹುಡುಗಿಗೆ ಮನಸ್ಸು ಕಾಣುವುದಿಲ್ಲ, ನಗು ಕೇಳಿಸುತ್ತದೆ. ಅಂದಿನಿಂದ ಮಾನ್ಯ ಅಮ್ಮನೊಡನೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬೇಕಾದಷ್ಟೇ ಮಾತಾಡತೊಡಗಿದಳು.

ಅದಾಗಿ ಕೆಲವು ತಿಂಗಳಿಗೆ ಯಂತ್ರದೊಳಗೆ ಹಸಿರು ಹೆಸರುಗಳು ಕಾಣಿಸಿಕೊಂಡವು. ಪ್ರಭಾವತಿ ತನ್ನ ಅಡುಗೆ ಪಟ್ಟಿ ಹುಡುಕುವಾಗ ಒಂದು ಫೋಲ್ಡರು ಕಣ್ಣಿಗೆ ಬಿತ್ತು. ಉಳಿದ ಫೈಲುಗಳ ಹೆಸರೆಲ್ಲ ಕಪ್ಪು, ಇದರೊಳಗಿನವು ಮಾತ್ರ ಹಸಿರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳು: ಊಟ, ಮಳೆ, ಬಸ್ಸು, ಮೀನು, ಅಜ್ಜಿ, ಅಮ್ಮ. ಒತ್ತಿ ನೋಡಿದರೆ ಯಂತ್ರ ಟಣ್ ಎಂದು ಸದ್ದು ಮಾಡಿ, ಅಪ್ಪಣೆಯಿಲ್ಲ ಎಂದಿತು. ಗಂಡನನ್ನು ಕೇಳಿದಳು. ಅವನು ನಕ್ಕು, ಅದು ಬೀಗ ಹಾಕಿದ ಫೋಲ್ಡರು, ಅದರೊಳಗೆ ಏನಿಟ್ಟರೂ ಯಂತ್ರವೇ ಬೀಗ ಹಾಕಿಕೊಳ್ಳುತ್ತದೆ, ನನ್ನ ಖಾತೆಯಿಂದ ಒಳಗೆ ಹೋದವರಿಗೆ ಬೀಗ ಇದೆಯೆಂದೇ ತಿಳಿಯುವುದಿಲ್ಲ, ಬೇರೆಯವರಿಗೆ ಹೆಸರು ತಾರೀಖು ಕಾಣುತ್ತದೆಯೇ ಹೊರತು ಹೂರಣ ಸಿಗುವುದಿಲ್ಲ ಎಂದ. ಹೆಂಡತಿಗೆ ಮುಚ್ಚಿಟ್ಟು ಬಚ್ಚಿಡುವಂಥದ್ದು ಏನಿದೆಯಪ್ಪ ಎಂದು ಅವಳು ಸೊಂಟಕ್ಕೆ ಕೈಕೊಟ್ಟಳು. ದೀಪಾವಳಿ ಬರಲಿ, ಹೇಳುತ್ತೇನೆ ಎಂದ ಜಯಕರ.

ಹೇಳಲಿಲ್ಲ. ಎರಡು ಸಾವಿರದ ನಾಲ್ಕರ ಜುಲೈಯಲ್ಲಿ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದವನು ಅಲ್ಲೇ ಕುಳಿತ, ಕುಳಿತಲ್ಲೇ ಹೋದ. ಪ್ರಭಾವತಿ ಅಂದು ಕ್ಯಾರಿಯರು ಹಿಡಿದು ಅದೇ ಬಿಬಿಡಿ ಬಾಗಿನಲ್ಲಿದ್ದಳು, ನಾಲ್ಕು ಕಟ್ಟಡಗಳಾಚೆ, ಯಾರಿಗೋ ಸಾಂಬಾರಿಗೆ ಉಪ್ಪು ಸಾಲದೆಂಬ ಜಗಳದಲ್ಲಿ. ಅವಳಿಗೊಂದು ಮಾತು ಹೇಳಲು ಅವನಿಗೆ ಪುರುಸೊತ್ತಾಗಲಿಲ್ಲ. ಫೋಟೋಗಳು ಬೇಕಾದಷ್ಟಿದ್ದವು. ಆದರೆ ಕೆಲವೇ ವಾರಗಳಲ್ಲಿ ಅವಳಿಗೆ ಭಯ ಹುಟ್ಟಿಸಿದ್ದು ಬೇರೆ: ಗಂಡನ ದನಿ ನೆನಪಿನಿಂದ ಜಾರುತ್ತಿತ್ತು. ಸ್ನಾನದ ಮನೆಯಿಂದ ಟವೆಲ್ಲು ಕೇಳುವ ದನಿ, ಬಸ್ಸಿನಲ್ಲಿ ಕಿವಿಯ ಹತ್ತಿರ ಬಗ್ಗಿ ಇಳಿಯುವ ಜಾಗ ಹೇಳುವ ದನಿ, ಯಾವುದೂ ಕರೆದಾಗ ಬರುತ್ತಿರಲಿಲ್ಲ. ಹಸಿರು ಅಕ್ಷರದಲ್ಲಿ ‘ಅಮ್ಮ’ ಎಂದು ಬರೆದಿಟ್ಟದ್ದು ತನಗೇ ಇರಬೇಕು ಎಂದು ಅವಳಿಗೆ ಗಟ್ಟಿಯಾಯಿತು. ಮಗಳ ಎದುರು ಅವನು ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಹೇಳದೆ ಹೋದ ಮಾತು ಅದರೊಳಗಿತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿದವನೂ ಅವನೊಬ್ಬನೇ.

ದುರ್ಗಾಪೂಜೆ ಮುಗಿದು ಪಂಡಾಲುಗಳ ಬಿದಿರು ಬಿಚ್ಚುತ್ತಿದ್ದ ವಾರ. ಒಂದು ಆಫೀಸಿಗೆ ರಜೆ ಇದ್ದುದರಿಂದ ಪ್ರಭಾವತಿ ದಿನಕ್ಕಿಂತ ಬೇಗ ಮನೆಗೆ ಬಂದಳು. ಮಾನ್ಯಳಿಗೆ ಬೆಳಗಿನ ಕಾಲೇಜು, ಆಮೇಲೆ ಟ್ಯೂಷನ್ನು. ಮನೆಯಲ್ಲಿ ಯಾರೂ ಇರುವ ಹೊತ್ತಲ್ಲ. ಮುಂಬಾಗಿಲ ಬೀಗ ತೆಗೆದು ಒಳಗೆ ಕಾಲಿಟ್ಟವಳು ಚಪ್ಪಲಿ ಬಿಡುವುದನ್ನು ಮರೆತು ನಿಂತಳು. ಒಳಕೋಣೆಯ ಮುಚ್ಚಿದ ಬಾಗಿಲಿನಾಚೆ ಜಯಕರ ಮಾತಾಡುತ್ತಿದ್ದ.

ಶಬ್ದಗಳು ತಿಳಿಯುತ್ತಿರಲಿಲ್ಲ, ದನಿ ತಿಳಿಯುತ್ತಿತ್ತು. ಅದೇ ಮೆತ್ತನೆಯ, ಕೊನೆಗೆ ಸ್ವಲ್ಪ ಏರುವ ದನಿ. ಸ್ವಲ್ಪ ಮಾತು, ಆಮೇಲೆ ಮೌನ. ಎದುರಿಗೆ ಕುಳಿತವರ ಉತ್ತರಕ್ಕೆ ಕಾಯುವಾಗಿನ ಮೌನ ಅದು. ಮತ್ತೆ ಮಾತು. ಪ್ರಭಾವತಿಯ ಕೈಯಲ್ಲಿದ್ದ ಕ್ಯಾರಿಯರು ಗೋಡೆಗೆ ತಾಗಿ ಸದ್ದಾಯಿತು. ದನಿ ನಿಂತಿತು. ಅವಳು ಹೋಗಿ ಬಾಗಿಲು ತಳ್ಳಿದಾಗ ಒಳಗೆ ಯಾರೂ ಇರಲಿಲ್ಲ. ಹಿಂದಿನ ವರಾಂಡಾದ ಕಡೆಯ ಪರದೆ ಮೆಲ್ಲಗೆ ಆಡುತ್ತಿತ್ತು. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು.

ಬೇರೆ ಹೆಂಗಸಾಗಿದ್ದರೆ ಕಿರುಚಿ ಓಣಿ ಸೇರಿಸುತ್ತಿದ್ದಳು. ಪ್ರಭಾವತಿ ಯಂತ್ರದ ಮುಂದೆ ಕುಳಿತು, ಗುಂಡಿ ಒತ್ತಿ, ತನ್ನ ಖಾತೆಗೆ ಹೋಗಿ ಆ ಫೋಲ್ಡರು ತೆರೆದಳು. ‘ಊಟ’ದ ಕೆಳಗೆ ಇನ್ನೊಂದು ‘ಊಟ’ ಇತ್ತು, ಹಸಿರಾಗಿ. ಅದರ ತಾರೀಖು ಅಂದಿನದೇ. ಸತ್ತು ಮೂರು ತಿಂಗಳಾದವನ ಬೀಗದೊಳಗೆ ಈಗಷ್ಟೇ ಏನೋ ಬಂದು ಕುಳಿತಿತ್ತು.

ಆಮೇಲಿನ ದಿನಗಳಲ್ಲಿ ಅದೇ ಅವಳ ಗೀಳಾಯಿತು. ಸಂಜೆ ದೀಪ ಹಚ್ಚಿ, ನಂತರ ಯಂತ್ರ ಹಚ್ಚುವಳು. ಎರಡು ದಿನಕ್ಕೋ ಮೂರು ದಿನಕ್ಕೋ ಹೊಸದೊಂದು ಹೆಸರು ಇರುತ್ತಿತ್ತು. ಓಣಿಯಲ್ಲಿ ಮೊಳಕಾಲು ನೀರು ನಿಂತ ದಿನ ಎರಡನೆಯ ‘ಮಳೆ’ ಬಂತು. ಬಸ್ಸಿನವರ ಮುಷ್ಕರವಾಗಿ ಅವಳು ಕ್ಯಾರಿಯರು ಹೊತ್ತು ನಡೆದ ದಿನ ಎರಡನೆಯ ‘ಬಸ್ಸು’. ಅವಳ ಬೆನ್ನ ಹಿಂದೆ ನಿಂತು ಯಾರೋ ದಿನಗಳನ್ನು ನೋಡುತ್ತಿರುವಂತೆ ಅವಳಿಗನ್ನಿಸಿತು. ಒತ್ತಿದರೆ ಮಾತ್ರ ಅದೇ ಟಣ್, ಅದೇ ಅಪ್ಪಣೆಯಿಲ್ಲ. ಬದುಕಿದ್ದಾಗ ಒಂದು ಜೋರು ಮಾತಾಡದ ಗಂಡ ಸತ್ತ ಮೇಲೆ ಹೀಗೆ ಬಾಗಿಲು ಹಾಕಿಕೊಂಡು ಕೂರುವುದೇ ಎಂದು ಅವಳಿಗೆ ಭಯದ ಜೊತೆಗೆ ಸಿಟ್ಟೂ ಬರುತ್ತಿತ್ತು. ಮಾನ್ಯಳಿಗೆ ಹೇಳಲಿಲ್ಲ. ಎಳೆ ಹುಡುಗಿ, ಮೊದಲೇ ಮಾತಿಲ್ಲದವಳು, ಹೆದರಿಕೊಂಡರೆ ಏನು ಗತಿ?

ಹೇಳಿದ್ದು ಊರಿನಲ್ಲಿದ್ದ ಅತ್ತಿಗೆ ವಿಶಾಲಾಕ್ಷಿಗೆ, ಫೋನಿನಲ್ಲಿ. ಜಯಕರನ ಅಕ್ಕ ಆಕೆ. ಸತ್ತವರ ವಿಷಯದಲ್ಲಿ ಬದುಕಿದವರಿಗಿಂತ ಹೆಚ್ಚು ತಿಳಿದಂತೆ ಮಾತಾಡುವವಳು. ವಿಶಾಲಾಕ್ಷಿ ಎಲ್ಲ ಕೇಳಿಸಿಕೊಂಡು, ನೀನು ಅವನಿಗೆ ಬಡಿಸಿದೆಯಾ ಎಂದು ಕೇಳಿದಳು. ಅವರ ಕಡೆ ದೀಪಾವಳಿ ಹೊತ್ತಿಗೆ ಹೋದವರಿಗೆ ಬಡಿಸುವ ಪದ್ಧತಿ. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ನೀರಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಉಣ್ಣುವವರನ್ನು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಆಮೇಲೆ ತೆರೆಯಬೇಕು. ವರ್ಷ ತುಂಬುವ ಮೊದಲು ಮಾಡಬಹುದೇ ಎಂದು ಪ್ರಭಾವತಿಗೆ ಅನುಮಾನ.

“ಅವ ಬಂದು ಕೂತಾಗಿದೆ, ನೀನು ಇನ್ನು ಪಂಚಾಂಗ ನೋಡ್ತೀಯಾ?” ಎಂದಳು ವಿಶಾಲಾಕ್ಷಿ. “ಹೊಟ್ಟೆ ತುಂಬಿಸು. ಆಮೇಲೆ ಬಾಯಲ್ಲಿ ಎಂತ ಉಳಿದದೆ ಅಂತ ಕೇಳು. ಅದನ್ನು ಕೇಳದೆ ಅವನನ್ನು ಕಳಿಸ್ಬೇಡ ಮಾರಾಯ್ತಿ.”

ದೀಪಾವಳಿಯ ಅಮಾವಾಸ್ಯೆಗೆ ಬರುವ ಕಾಳಿಪೂಜೆಯ ಹಿಂದಿನ ದಿನ ಬಂಗಾಳಿಗಳಿಗೆ ಭೂತ ಚತುರ್ದಶಿ. ಓಣಿಯ ಮನೆಮನೆಯಲ್ಲೂ ಹದಿನಾಲ್ಕು ಬಗೆಯ ಸೊಪ್ಪು ಬೇಯಿಸಿ, ಹೋದ ಹಿರಿಯರಿಗಾಗಿ ಹದಿನಾಲ್ಕು ದೀಪ ಇಡುತ್ತಾರೆ. ಅಂದೇ ಪ್ರಭಾವತಿಯೂ ಬಡಿಸಿದಳು. ಗರಿಯಾಹಾಟಿನಿಂದ ಕುಚ್ಚಲಕ್ಕಿ ತಂದಿದ್ದಳು, ಬಂಗುಡೆ ಸಿಗದೆ ಬೇರೆ ಮೀನಿಗೆ ಊರಿನ ಮಸಾಲೆ ಅರೆದಿದ್ದಳು. ಮಾನ್ಯ ಪಕ್ಕದ ಮನೆಯವರಿಗೆ ದೀಪ ಇಡಲು ನೆರವಾಗುತ್ತೇನೆಂದು ಹೊರಟುಹೋಗಿದ್ದಳು. ಸಂಜೆ ಮಬ್ಬಾಗುವ ಹೊತ್ತು, ಒಳಕೋಣೆಯಲ್ಲಿ ಕಂಪ್ಯೂಟರಿನ ಮೇಜಿನ ಕೆಳಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಪ್ರಭಾವತಿ ಹೊರಗೆ ನೆಲದ ಮೇಲೆ ಕುಳಿತಳು.

ಓಣಿಯಲ್ಲಿ ಪಟಾಕಿ ಹಾರುತ್ತಿದ್ದವು. ಅವುಗಳ ನಡುವಿನ ಬಿಡುವಿನಲ್ಲಿ ಅವಳಿಗೆ ಬಾಗಿಲಾಚೆಯಿಂದ ಅದೇ ದನಿ ಕೇಳಿಸಿತು. ತೀರ ಮೆಲ್ಲಗೆ. ಮಾತು, ಮೌನ, ಮಾತು. ಮೌನದ ಜಾಗದಲ್ಲಿ ಈಗ ಇನ್ನೂ ಸಣ್ಣದಾದ ಏನೋ ಒಂದು ಪಿಸುಗುಟ್ಟುತ್ತಿತ್ತು. ನೋಡಬಾರದು ಎಂದಿದ್ದರಿಂದ ಎದ್ದು ಬಾಗಿಲು ತೆರೆಯಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಕುಳಿತೇ ಇದ್ದಳು. ದನಿ ನಿಂತು ಎಷ್ಟೋ ಹೊತ್ತಾದ ಮೇಲೆ ಕೆಮ್ಮಿದಳು, ತಟ್ಟಿದಳು, ತೆರೆದಳು.

ದೀಪ ಉರಿಯುತ್ತಿತ್ತು. ಅನ್ನದಲ್ಲಿ ಬೆರಳು ಆಡಿದ ಗುರುತಿತ್ತು. ಮೀನು ಇರಲಿಲ್ಲ. ಅದರ ಮುಳ್ಳುಗಳು ಎಲೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿದ್ದವು. ಯಂತ್ರ ಹಚ್ಚಿ ನೋಡಿದರೆ ಎರಡನೆಯ ‘ಮೀನು’ ಬಂದು ಕುಳಿತಿತ್ತು.

ಆ ರಾತ್ರಿ ಕಳೆಯುವಷ್ಟರಲ್ಲಿ ಪ್ರಭಾವತಿ ತೀರ್ಮಾನ ಮಾಡಿಯಾಗಿತ್ತು. ಗಂಡ ಬಂದು ಕುಳಿತಿದ್ದಾನೆ, ಉಂಡಿದ್ದಾನೆ, ಮಾತು ಬಾಕಿಯಿದೆ. ಬೀಗ ಒಡೆಸಬೇಕು. ಬೆಳಿಗ್ಗೆ ಮಾನ್ಯ ಗೆಳತಿಯ ಮನೆಯಲ್ಲಿ ಅಲ್ಪನಾ ರಂಗೋಲಿ ಬರೆಯಲು ಹೋದದ್ದೇ ತಡ, ಬೆಹಾಲಾ ಚೌರಸ್ತಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿದ್ದ ತಪನನನ್ನು ಹಿಡಿದು ತಂದಳು. ತಪನನಿಗೆ ಅಂದು ತನ್ನ ಕ್ಲಬ್ಬಿನ ಕಾಳಿ ವಿಗ್ರಹ ತರುವ ಗಡಿಬಿಡಿ. ಪಾಸ್‌ವರ್ಡ್ ಮರೆತವರು ವಾರಕ್ಕೆ ಹತ್ತು ಜನ ಬರುತ್ತಾರೆ, ಇದೆಲ್ಲ ಐದು ನಿಮಿಷದ ಕೆಲಸ ಬೌದಿ ಎಂದು ಹಿಂದಿಯಲ್ಲಿ ಧೈರ್ಯ ಹೇಳಿದ. ಯಂತ್ರದ ಯಜಮಾನ ಖಾತೆಯೊಂದು ಬೇರೆ ಇರುತ್ತದೆ, ಅದಕ್ಕೆ ಬೀಗ ಹಾಕುವವರು ಕಡಿಮೆ. ಅವನು ಅದರಿಂದ ಒಳಹೊಕ್ಕು ಜಯಕರನ ಪಾಸ್‌ವರ್ಡನ್ನು ಅಳಿಸಲು ಹೊರಟ. ಯಂತ್ರ ಒಂದು ಎಚ್ಚರಿಕೆಯ ಚೀಟಿ ತೋರಿಸಿತು: ಹೀಗೆ ಮಾಡಿದರೆ ಈ ಬಳಕೆದಾರ ಬೀಗ ಹಾಕಿಟ್ಟ ಫೈಲುಗಳನ್ನೆಲ್ಲ ಕಳೆದುಕೊಳ್ಳುತ್ತಾನೆ. ತಪನ ಅದನ್ನು ದಿನಾ ನೋಡುವವನು. ಓದದೆ ಹೌದು ಒತ್ತಿದ.

ಜಯಕರನ ಹೆಸರಿನ ಬಾಗಿಲು ತೆರೆಯಿತು. ಅವನು ಹಾಕಿಟ್ಟ ಸಮುದ್ರದ ಚಿತ್ರ ಪರದೆಯ ತುಂಬ ಬಂದಾಗ ಪ್ರಭಾವತಿ ಮೇಜಿನ ಹತ್ತಿರ ಸರಿದಳು. ತಪನ ಫೋಲ್ಡರು ತೆರೆದು ‘ಅಮ್ಮ’ವನ್ನು ಒತ್ತಿದ. ಟಣ್. ಇನ್ನೊಂದು ಒತ್ತಿದ. ಟಣ್. ಅವನದೇ ಖಾತೆಯಲ್ಲಿ ಕುಳಿತು ಒತ್ತಿದರೂ ಒಂದೂ ತೆರೆಯಲಿಲ್ಲ. ತಪನ ತಲೆ ಕೆರೆದು, ಇದು ವೈರಸ್ಸು ಬೌದಿ, ಹೆಸರೆಲ್ಲ ಹಸಿರಾಗಿಬಿಟ್ಟಿದೆ ನೋಡಿ, ಅಂಗಡಿಗೆ ಒಯ್ದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದ. ಅಳಿಸುವುದು ಎಂದರೆ ಕಾಯಿಲೆ ಅಳಿಸುವುದು ಎಂದು ಅವಳು ತಿಳಿದಳು. ಕಂಪ್ಯೂಟರಿನ ಡಬ್ಬಿಯನ್ನು ಸೈಕಲ್ ರಿಕ್ಷಾದ ಮೇಲಿಟ್ಟುಕೊಂಡು ತಪನ ಹೋದ.

ಮಧ್ಯಾಹ್ನ ಮಾನ್ಯ ಬಂದಳು. ಬೆರಳಿಗೆಲ್ಲ ಅಲ್ಪನಾದ ಅಕ್ಕಿಹಿಟ್ಟು. ಸೀದಾ ಒಳಕೋಣೆಗೆ ಹೋದವಳು ಡಬ್ಬಿ ಇಲ್ಲದ ಮೇಜು ನೋಡಿ ತಿರುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಅಮ್ಮ, ಅಪ್ಪನನ್ನು ಎಲ್ಲಿಗೆ ಕಳ್ಸಿದ್ದು ನೀನು?”

ಪ್ರಭಾವತಿಯ ಕೈಯಿಂದ ಸೌಟು ಬಿತ್ತು. ಆಡಿದ್ದು ಮಗಳು. ಆದರೆ ದನಿ ಏರುವ ಜಾಗ, ‘ಕಳ್ಸಿದ್ದು’ ಎನ್ನುವಾಗಿನ ಆ ಎಳೆತ, ಎಲ್ಲ ಜಯಕರನದೇ. ಒಂದು ವರ್ಷದಿಂದ ಮನೆಯಲ್ಲಿ ಕನ್ನಡ ಎತ್ತದ ಹುಡುಗಿಯ ಬಾಯಿಂದ ಸತ್ತವನ ಮಾತು ಹೊರಬಿದ್ದದ್ದು ನೋಡಿ ಅವಳು ಗೋಡೆ ಹಿಡಿದುಕೊಂಡಳು. ಮೈಮೇಲೆ ಬಂದಿದೆ ಎಂದೇ ನಂಬಿದಳು.

“ಎಲ್ಲುಂಟು ಕಂಪ್ಯೂಟರು? ಹೇಳು ಅಮ್ಮ. ಅದರಲ್ಲಿ ಅಪ್ಪನ ದನಿ ಉಂಟು.”

ಆಟೋದಲ್ಲಿ ಚೌರಸ್ತಾಕ್ಕೆ ಓಡುವ ದಾರಿಯಲ್ಲಿ ಎಲ್ಲ ಹೊರಗೆ ಬಂತು. ಅರ್ಧ ಕನ್ನಡ, ಅರ್ಧ ಹಿಂದಿ, ಉಳಿದದ್ದು ಅಳು. ರಾಜ್ಯೋತ್ಸವದ ಆ ಸಂಜೆಯ ಮೇಲೆ ಅಪ್ಪ ಅವಳಿಗೆ ಗುಟ್ಟಾಗಿ ಕನ್ನಡ ಕಲಿಸತೊಡಗಿದ್ದ. ಮೈಕಿನ ಮುಂದೆ ಕುಳಿತು ತನ್ನ ದನಿ ತುಂಬಿಸಿದ: ಒಂದು ಪ್ರಶ್ನೆ, ಮಗಳು ಉತ್ತರ ಹೇಳಲು ಸ್ವಲ್ಪ ಬಿಡುವು, ಮತ್ತೊಂದು ಮಾತು. ಅವನು ಆಫೀಸಿನಲ್ಲಿದ್ದಾಗ ಅವಳು ಅವನ ಖಾತೆಯಿಂದ ಒಳಗೆ ಹೋಗಿ ಕೇಳಿ, ಬಿಡುವಿನಲ್ಲಿ ಉತ್ತರ ಹೇಳಿ ಅಭ್ಯಾಸ ಮಾಡಬೇಕು. ಪಾಸ್‌ವರ್ಡು ಇಬ್ಬರಿಗೆ ಮಾತ್ರ ಗೊತ್ತು. ದೀಪಾವಳಿಯ ದಿನ ಬೆಳಗಿನಿಂದ ರಾತ್ರಿಯವರೆಗೆ ಅಮ್ಮನ ಹತ್ತಿರ ಕನ್ನಡದಲ್ಲೇ ಮಾತಾಡಿ ಬೆರಗು ಮಾಡುವುದೆಂದು ಇಬ್ಬರ ಸಂಚು. ಅಪ್ಪ ಹೋದ ಮೇಲೆ ಅವಳು ಟ್ಯೂಷನ್ನಿಗೆ ಚಕ್ಕರ್ ಹೊಡೆದು, ಹಿಂದಿನ ಓಣಿಯಿಂದ ವರಾಂಡಾದ ಬಾಗಿಲು ತೆರೆದು ಬಂದು, ಅಪ್ಪನ ಪ್ರಶ್ನೆಗಳಿಗೆ ತನ್ನ ಉತ್ತರ ಸೇರಿಸಿ ಎರಡನೆಯ ಫೈಲು ಮಾಡಿಡುತ್ತಿದ್ದಳು. ಆ ಫೋಲ್ಡರಿಗೆ ಬಿದ್ದದ್ದೆಲ್ಲ ತಾನಾಗಿ ಬೀಗ ಬಿದ್ದು ಹಸಿರಾಗುತ್ತಿತ್ತು.

ಬೀಗ ಯಾಕೆ ಎಂದು ಪ್ರಭಾವತಿ ಕೇಳಿದಳು. ಮಾನ್ಯ ಆಟೋದ ಹೊರಗೆ ನೋಡುತ್ತ ಹೇಳಿದಳು.

“ನೀನು ನಗ್ತೀಯಲ್ಲ.”

ಪ್ರಭಾವತಿ ಜೀವಮಾನದಲ್ಲಿ ತಿಂದ ಪೆಟ್ಟುಗಳಲ್ಲಿ ಇದೇ ದೊಡ್ಡದು. ಕೇಳುವುದು ಬೇಡ ಎಂದುಕೊಂಡೇ ಇನ್ನೊಂದು ಮಾತು ಕೇಳಿದಳು: ನಿನ್ನೆ ಎಲೆಯ ಮುಂದೆ ಕೂತದ್ದೂ ನೀನೇ ತಾನೆ? ಹೌದು, ಅಪ್ಪ ಒಬ್ಬನೇ ಉಣ್ಣುವುದು ಬೇಡ ಎಂದು ಬಂದು ಕೂತೆ, ಅವನ ಎಲೆಯಿಂದ ಎರಡು ತುತ್ತು ಅನ್ನ ತಿಂದೆ ಎಂದಳು ಹುಡುಗಿ. ಮತ್ತೆ ಮೀನು? ಮಾನ್ಯ ಹುಬ್ಬು ಗಂಟಿಕ್ಕಿ ತಾಯಿಯ ಕಡೆ ತಿರುಗಿದಳು. ಮೀನು ನಾನು ಮುಟ್ಟಲಿಲ್ಲ, ಹಾಗೇ ಇತ್ತಲ್ಲ ಎಂದಳು. ವರಾಂಡಾದ ಬಾಗಿಲು ತೆರೆದಿಟ್ಟು ಬಂದಿದ್ದರೆ ಬೆಕ್ಕು ಬಂದಿರಬಹುದು. ಓಣಿಯಲ್ಲಿ ಬೆಕ್ಕಿಗೇನು ಬರ? ಮುಳ್ಳನ್ನು ಸಾಲಾಗಿ ಜೋಡಿಸುವ ಬೆಕ್ಕು ಯಾವುದೆಂದು ಪ್ರಭಾವತಿ ಬಾಯಿಬಿಟ್ಟು ಕೇಳಲಿಲ್ಲ.

ಅಂಗಡಿಯಲ್ಲಿ ಅವರ ಡಬ್ಬಿಯ ಹೊಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಿತ್ತು. ಸಿಡಿ ಒಳಗೆ ಹೋಗಿತ್ತು. ನೀಲಿ ಪರದೆಯ ಮೇಲೆ, ಎಲ್ಲವನ್ನೂ ಅಳಿಸಲೇ ಎಂಬ ಪ್ರಶ್ನೆ ಉತ್ತರಕ್ಕೆ ಕಾಯುತ್ತಿತ್ತು. ಉತ್ತರ ಹೇಳಬೇಕಾದ ತಪನ ಎದುರಿನ ಓಣಿಯಲ್ಲಿ ಕಾಳಿಯನ್ನು ಲಾರಿಯಿಂದ ಇಳಿಸಲು ಹೆಗಲು ಕೊಡುತ್ತಿದ್ದ. ಆ ದಿನ ಕಾಳಿತಾಯಿ ಐದು ನಿಮಿಷ ಬೇಗ ಬಂದಿಳಿದು ತಪನ ಮರಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಮಾನ್ಯ ಹೋಗಿ ತಂತಿಯನ್ನೇ ಕಿತ್ತಳು.

ಓಡಿಬಂದ ತಪನನಿಗೆ ಪ್ರಭಾವತಿ ಬಂಗಾಳಿಯಲ್ಲಿ ಹೇಳಿದ ಮಾತುಗಳು ಬರೆಯುವಂಥವಲ್ಲ. ಆಮೇಲೆ ಅವನ ಅಂಗಡಿಯ ಫೋನಿನಿಂದಲೇ ರಾಮಕೃಷ್ಣನಿಗೆ ಮಾಡಿದಳು. ಜಯಕರನ ಜೊತೆ ಕೆಲಸ ಮಾಡುತ್ತಿದ್ದ ಮೈಸೂರಿನವನು, ಅವನಿಗೆ ಈ ಬೀಗದ ವಿದ್ಯೆ ತೋರಿಸಿದವನೂ ಇವನೇ. ರಾಮಕೃಷ್ಣ ನಡೆದದ್ದನ್ನೆಲ್ಲ ಕೇಳಿಸಿಕೊಂಡ.

“ನೋಡೀಮ್ಮ, ಒಂದೊಂದು ಫೈಲಿಗೂ ಒಂದೊಂದು ಬೀಗ,” ಎಂದ. “ಆ ಬೀಗದ ಕೈಯೆಲ್ಲ ಜಯಕರನ ಒಂದು ಪೆಟ್ಟಿಗೇಲಿದೆ. ಪೆಟ್ಟಿಗೆ ತೆಗೆಯೋದು ಅವನ ಹಳೇ ಪಾಸ್‌ವರ್ಡು ಒಂದೇ. ಹೊರಗಿನವರು ಪಾಸ್‌ವರ್ಡ್ ಅಳಿಸಿದ್ರೆ ಮನೆ ಬಾಗಿಲೇನೋ ತೆಗೆಯುತ್ತೆ, ಪೆಟ್ಟಿಗೆ ತೆಗೆಯಲ್ಲ. ಮತ್ತೆ ಆ ಹಳೇದನ್ನೇ ಹಾಕಿ. ಒಂದಕ್ಷರ ಹೆಚ್ಚುಕಮ್ಮಿ ಆಗ್ಬಾರ್ದು.”

ಯಂತ್ರ ಅಳಿಸಿದ್ದರೆ ಏನಾಗುತ್ತಿತ್ತು ಎಂದು ಅವಳು ಕೇಳಿದಳು. ಪೆಟ್ಟಿಗೆಯೇ ಹೋಗುತ್ತಿತ್ತು, ಫೈಲುಗಳನ್ನು ಉಳಿಸಿಕೊಂಡರೂ ಲೋಕದಲ್ಲಿ ಯಾರಿಂದಲೂ ತೆಗೆಯಲಾಗುತ್ತಿರಲಿಲ್ಲ ಎಂದ ರಾಮಕೃಷ್ಣ. ಪ್ರಭಾವತಿ ಫೋನು ಕೆಳಗಿಟ್ಟಳು. ತನ್ನ ಕೈಯಾರೆ ಗಂಡನನ್ನು ಎರಡನೆಯ ಸಲ ಸುಡಲು ಕಳಿಸಿದ್ದೆನಲ್ಲ ಎಂದು ಅವಳಿಗೆ ಅನ್ನಿಸಿತು.

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದರು. ಹೊರಗೆ ಕಾಳಿಪೂಜೆಯ ಢಾಕು ಡೋಲಿನ ಬಡಿತ ಶುರುವಾಗಿತ್ತು. ಮಾನ್ಯ ತಂತಿಗಳನ್ನೆಲ್ಲ ಸಿಕ್ಕಿಸಿ ಅಪ್ಪನ ಹೆಸರು ಒತ್ತಿ ಒಳಗೆ ಹೋಗಿ, ಪಾಸ್‌ವರ್ಡ್ ಹಾಕುವ ಜಾಗಕ್ಕೆ ಬಂದು ಕೈ ನಿಲ್ಲಿಸಿದಳು.

“ಅಮ್ಮ, ನೀನು ಆಚೆ ನೋಡು.”

ಮೊದಲಿನ ಪ್ರಭಾವತಿಯಾಗಿದ್ದರೆ, ನನಗೆ ತಿಳಿಯಬಾರದ್ದು ಅದೇನೇ ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದಳು. ಈಗ ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಕೀಲಿಗಳು ನಿಧಾನವಾಗಿ ಸದ್ದು ಮಾಡಿದವು, ಒಂದಾದ ಮೇಲೆ ಒಂದು. ಆಮೇಲೆ ಯಂತ್ರವನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದ ಸದ್ದು. ಆಗಲಿಲ್ಲವೇನೋ ಎಂದು ಪ್ರಭಾವತಿ ಗೋಡೆಗೇ ಕಣ್ಣು ನೆಟ್ಟಳು. ಒಂದು ಕ್ಲಿಕ್ ಆಯಿತು. ಟಣ್ ಎನ್ನಲಿಲ್ಲ.

ಸ್ಪೀಕರಿನಿಂದ ಮೊದಲು ಬಂದದ್ದು ಫ್ಯಾನಿನ ಗಾಳಿಯ ಸದ್ದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಪ್ರಭಾವತಿ ತಿರುಗಿ ನೋಡಿದಳು. ಮಾನ್ಯ ತೆರೆದದ್ದು ‘ಅಮ್ಮ’. ಅದೊಂದಕ್ಕೆ ಮಾತ್ರ ಜೋಡಿ ಇರಲಿಲ್ಲ. ಇದಕ್ಕೆ ಉತ್ತರ ಕೊಡಲಿಕ್ಕೆ ನನಗೆ ಒಮ್ಮೆಯೂ ಆಗಲಿಲ್ಲ ಎಂದಳು ಹುಡುಗಿ, ಕನ್ನಡದಲ್ಲೇ, ತಡವರಿಸುತ್ತ. ಪ್ರಭಾವತಿ ನಗಲಿಲ್ಲ.

“ಇದು ಕೊನೇ ಪಾಠ,” ಎಂದ ಜಯಕರ. ಕಿವಿಯ ಪಕ್ಕದಲ್ಲೇ ಕುಳಿತಂತಿತ್ತು. “ಅಮ್ಮ ಇಡೀ ಊರಿಗೆ ಊಟ ಹೊತ್ತುಕೊಂಡು ಹೋಗ್ತಾಳೆ. ಅವಳು ಊಟ ಮಾಡಿದಳಾ ಅಂತ ನಾವು ಯಾರಾದರೂ ಕೇಳ್ತೇವಾ? ಈಗ ನಾನು ಕೇಳ್ತೇನೆ, ನೀನು ಹೇಳು. ಅಮ್ಮ ಊಟ ಮಾಡಿದಳಾ?”

ಫ್ಯಾನಿನ ಗಾಳಿ ಮಾತ್ರ ಉಳಿಯಿತು. ಅವನು ಕಾಯುತ್ತಿದ್ದ. ಮಾನ್ಯ ಬಾಯಿ ತೆರೆದಳು, ದನಿ ಬರಲಿಲ್ಲ, ತಾಯಿಯ ಮುಖ ನೋಡಿದಳು. ಊರೆಲ್ಲ ಗದರಿಸಿ ಬದುಕಿದ ಹೆಂಗಸಿನ ತುಟಿ ಮಗುವಿನದರ ಹಾಗೆ ಅದುರುತ್ತಿತ್ತು.

“ಇಲ್ಲ,” ಎಂದಳು ಪ್ರಭಾವತಿ. “ನೀವು ಹೋದ ಮೇಲೆ ನಾನು ಸರಿಯಾಗಿ ಉಣ್ಲಿಲ್ಲ.”

ಯಂತ್ರದೊಳಗೆ ಕುರ್ಚಿ ಕಿರುಗುಟ್ಟಿತು, ಯಾರೋ ಹತ್ತಿರಕ್ಕೆ ಬಗ್ಗಿದ ಹಾಗೆ.

“ನನಗೆ ಕೇಳ್ಲಿಲ್ಲ,” ಎಂದ ಜಯಕರ. “ಇನ್ನೊಮ್ಮೆ ಹೇಳು.”

ಅವಳು ಇನ್ನೊಮ್ಮೆ ಹೇಳಿದಳು.